ಮರಳು ದಾಟಿ ಬಂದ ಮೋಟರ್‌ಹೋಮ್: ಟೈರಿಗೆ ಗಾಳಿ ಯಾವುದರಿಂದ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಗರಿ ದ್ವೀಪಕ್ಕೆ (2023ರವರೆಗೆ ಫ್ರೇಸರ್ ಐಲ್ಯಾಂಡ್) ಫೋರ್‌ವೀಲ್ ಡ್ರೈವ್ ಮೋಟರ್‌ಹೋಮ್ (ಮನೆಯಂತೆ ಉಳಿಯಬಹುದಾದ ವಾಹನ) ಒಯ್ಯುವವರು, ಮರಳಲ್ಲಿ ಹೂತುಹೋಗದಂತೆ ಟೈರಿನ ಗಾಳಿ ಇಳಿಸಲೇಬೇಕು. ವಾಪಸ್ ತುಂಬಿಸಲು 12 ವೋಲ್ಟ್ ಕಂಪ್ರೆಸರ್ ಒಳ್ಳೆಯದೋ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೋ, ಪೆಟ್ರೋಲ್ ಬಂಕೋ ಅಂತ ಕೇಳಿದ್ದೀರಿ.

ಬೇಗ ಮುಗಿಯಬೇಕು ಅಂದರೆ ಸಿಲಿಂಡರ್. ಕರೆಂಟು ಬೇಡ, ಸದ್ದೂ ಕಡಿಮೆ. ಆದರೆ ಖಾಲಿಯಾದರೆ ಕಥೆ ಮುಗೀತು, ತುಂಬಿಸಿ ಕೊಡುವ ಅಂಗಡಿ ಹುಡುಕಬೇಕು. ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಬೇಕು, ಬಿಸಿಲಲ್ಲಿ ಬಿಡಬಾರದು.

ಕಂಪ್ರೆಸರ್ ನಿಧಾನ, ಆದರೆ ಗಾಳಿಗೆ ಬರವಿಲ್ಲ. ಕೊಳ್ಳುವಾಗ ಬೆಲೆಗಿಂತ ಮೊದಲು ಎಷ್ಟು ಒತ್ತಡದಲ್ಲಿ ಎಷ್ಟು ಹೊತ್ತು ಬಿಡದೆ ಓಡುತ್ತದೆ ನೋಡಿ. ಮೋಟರ್‌ಹೋಮಿನ ಹಿಂದಿನ ಟೈರಿಗೆ 60 ಪಿಎಸ್‌ಐಗಿಂತ (ಗಾಳಿ ಒತ್ತಡದ ಅಳತೆ) ಜಾಸ್ತಿ ಬೇಕಾಗಬಹುದು. ಕಾರಿನ ಪುಟ್ಟ ಪಂಪು ಅಲ್ಲಿ ಬಿಸಿಯಾಗಿ ಸುಸ್ತಾಗುತ್ತದೆ. ಕ್ಲಿಪ್ಪುಗಳನ್ನು ನೇರ ಬ್ಯಾಟರಿಗೇ ಹಾಕಿ, ಎಂಜಿನ್ ಓಡುತ್ತಿರಲಿ. ದೊಡ್ಡ ಕಂಪ್ರೆಸರನ್ನು ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ, ಅಷ್ಟೇ.

ಬಂಕಿನ ಗಾಳಿಗೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಅಲ್ಲಿಯವರೆಗೆ ಹೋಗಬೇಕಲ್ವಾ? ಕಡಿಮೆ ಗಾಳಿಯಲ್ಲಿ ಡಾಂಬರು ರಸ್ತೆ ಮೇಲೆ ಓಡಿಸಿದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ.

ಮರಳಿನಿಂದ ಮೇಲೆ ಬರುವ ಜಾಗದಲ್ಲೇ ಬಂಕಿದ್ದರೆ, ವರ್ಷಕ್ಕೊಂದೇ ಪ್ರವಾಸವಾದರೆ, ನಿಧಾನವಾಗಿ ಅಲ್ಲಿಗೇ ಹೋಗಿ. ದಿನಗಟ್ಟಲೆ ಒಳನಾಡು ಸುತ್ತುವವರಿಗೆ ಕಂಪ್ರೆಸರ್ ಸರಿ. ವಾರವಾರ ಬೀಚಿಗೆ ಓಡುವವರು, ಊರಲ್ಲಿ ರೀಫಿಲ್ ಸಿಗುವುದಾದರೆ, ಸಿಲಿಂಡರ್ ತಗೊಳ್ಳಿ. ಯಾವುದಾದರೂ ಸರಿ, ಗಾಳಿ ಅಳೆಯುವ ಮೀಟರನ್ನು ಮಾತ್ರ ನಿಮ್ಮದೇ ಒಯ್ಯಿರಿ.