ರೆಟ್ರೋದಲ್ಲಿ ಕಲಿತದ್ದು ಮತ್ತೆ ಕಣ್ಣಿಗೆ ಬೀಳುತ್ತಾ? ನಾವು ಬಳಸಿ ನೋಡಿದ ಟೂಲ್‌ಗಳು

ನಮ್ಮದು ಚಿಕ್ಕಮಗಳೂರಿನಲ್ಲಿ ಏಳು ಜನರ ಸಣ್ಣ ತಂಡ. ಕಾಫಿ ತೋಟಗಳಿಗೆ ಚೆಕ್‌ರೋಲ್ ಆ್ಯಪ್ ಮಾಡುತ್ತೇವೆ. ಕೆಲಸದವರ ಹಾಜರಿ, ಕೊಯ್ಲಿನ ಕೆಜಿ ಲೆಕ್ಕ, ವಾರದ ಬಟವಾಡೆ ಎಲ್ಲವನ್ನೂ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಫೋನಿನಲ್ಲೇ ಬರೆದುಕೊಳ್ಳಬಹುದು. ನಾಲ್ಕು ಜನ ಐಜಿ ರಸ್ತೆ ಹತ್ತಿರ ಆಫೀಸಿನಲ್ಲಿ ಕೂರುತ್ತೇವೆ, ಇಬ್ಬರು ಮೂಡಿಗೆರೆ ಕಡೆ ಮನೆಯಿಂದ, ಒಬ್ಬರು ಬೆಂಗಳೂರಿನಿಂದ. ಕೆಲಸವನ್ನು ಎರಡೆರಡು ವಾರದ ಕಂತಿನಲ್ಲಿ ಮಾಡುತ್ತೇವೆ, ಅದಕ್ಕೆ ಸ್ಪ್ರಿಂಟ್ ಅಂತಾರೆ. ಅದು ಮುಗಿದ ಶುಕ್ರವಾರ ಸಂಜೆ ಒಂದು ಗಂಟೆ ಕಾಲ ರೆಟ್ರೋ, ಅಂದರೆ ಏನು ಚೆನ್ನಾಗಿ ಆಯ್ತು, ಎಲ್ಲಿ ಎಡವಿದೆವು ಅಂತ ಎಲ್ಲರೂ ಕೂತು ಮಾತಾಡುವ ಸಭೆ.

ಟೂಲ್ ಹುಡುಕಿಕೊಂಡು ಹೊರಟಿದ್ದಕ್ಕೆ ಒಂದು ಕಾರಣ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಕೊಯ್ಲಿನಲ್ಲಿ ನಮ್ಮ ಆ್ಯಪ್ ತಪ್ಪು ಲೆಕ್ಕ ಕೊಟ್ಟಿತು. ತೋಟದೊಳಗೆ ನೆಟ್‌ವರ್ಕ್ ಹೋಗಿ ಹೋಗಿ ಬರುತ್ತದೆ, ಬಂದಾಗ ಒಂದೇ ಎಂಟ್ರಿ ಎರಡು ಸಲ ಸರ್ವರ್‌ಗೆ ಹೋಗಿ 62 ಕೆಜಿ ಕೊಯ್ದವರ ಹೆಸರಲ್ಲಿ 124 ಕೆಜಿ ಕೂತಿತ್ತು. ಸರಿ ಮಾಡಿದೆವು, ರೆಟ್ರೋದಲ್ಲಿ ಮಾತಾಡಿದೆವು, ಮುಂದೆ ಹೋದೆವು. ಮರು ವರ್ಷ ಡಿಸೆಂಬರ್‌ನಲ್ಲಿ ತಂಡಕ್ಕೆ ಹೊಸದಾಗಿ ಬಂದ ಹುಡುಗ ಅದೇ ಕೋಡ್ ಬದಲಿಸಿದ, ಆಫೀಸಿನ ವೈಫೈನಲ್ಲಿ ಟೆಸ್ಟ್ ಮಾಡಿದ, ರಿಲೀಸ್ ಮಾಡಿದೆವು. ಮತ್ತೆ ಅದೇ ಆಯ್ತು. ಶನಿವಾರ ಬಟವಾಡೆ ದಿನ, ಜನ ಸಾಲಲ್ಲಿ ನಿಂತಿದ್ದಾರೆ, ರೈಟರ್ ಪೆನ್ನು ಹಿಡಿದು ಮೊದಲಿನಿಂದ ಕೂಡಿಸುತ್ತಿದ್ದಾರೆ. ಆ ರಾತ್ರಿ ನನ್ನ ಫೋನಿನ ಗ್ಯಾಲರಿಯಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದೆ. ಒಂದು ಮದುವೆ ಮನೆಯ ಫೋಟೋಗಳ ನಡುವೆ ಹಳೆ ರೆಟ್ರೋದಲ್ಲಿ ಚೀಟಿ ಅಂಟಿಸಿದ್ದ ನಮ್ಮ ಬೋರ್ಡ್‌ನ ಫೋಟೋ ಸಿಕ್ಕಿತು. ಅದರಲ್ಲಿ ಗುಲಾಬಿ ಬಣ್ಣದ ಚೀಟಿ, ಒಂದು ತುದಿ ಮಡಚಿಕೊಂಡಿದೆ, ನನ್ನದೇ ಕೈಬರಹ: "ನೆಟ್ ಇಲ್ಲದ ಕಡೆ ಟೆಸ್ಟ್ ಮಾಡದೆ ಬಿಡಬಾರದು." ಆ ಹುಡುಗನದ್ದು ಏನೂ ತಪ್ಪಿಲ್ಲ, ಅವನಿಗೆ ಆ ಚೀಟಿಯನ್ನು ಯಾರೂ ತೋರಿಸಿರಲೇ ಇಲ್ಲ.

ಸಾಫ್ಟ್‌ವೇರ್ ತಂಡಗಳು ಹೇಗೆ ಕೆಲಸ ಮಾಡಬೇಕು ಅಂತ ಹೇಳುವ 2001ರ ಅಜೈಲ್ ಮ್ಯಾನಿಫೆಸ್ಟೋ ಜೊತೆಗಿರುವ 12 ತತ್ವಗಳಲ್ಲಿ ಕೊನೆಯದ್ದೇ ರೆಟ್ರೋಗೆ ಬುನಾದಿ. ತಂಡ ಆಗಾಗ ಕೂತು ಇನ್ನೂ ಚೆನ್ನಾಗಿ ಕೆಲಸ ಮಾಡೋದು ಹೇಗೆ ಅಂತ ಯೋಚಿಸಬೇಕು, ಅದಕ್ಕೆ ತಕ್ಕಂತೆ ಬದಲಾಗಬೇಕು. ಕೂತು ಯೋಚಿಸೋದನ್ನು ನಾವು ಮಾಡುತ್ತಿದ್ದೆವು, ಬದಲಾಗೋದು ಬಿಟ್ಟು ಹೋಗಿತ್ತು. ಹಾಗಾಗಿ ಈ ವಿಮರ್ಶೆಯಲ್ಲಿ ನಾನು ಎಲ್ಲಾ ಟೂಲ್‌ಗೂ ಕೇಳಿದ್ದು ಒಂದೇ ಪ್ರಶ್ನೆ: ಇವತ್ತು ಬರೆದದ್ದು ಬೇಕಾದ ದಿನ ತಾನಾಗಿ ಕಣ್ಣಿಗೆ ಬೀಳುತ್ತಾ?

ಬಣ್ಣದ ಚೀಟಿ ಮತ್ತು ಬೋರ್ಡ್ ಬಗ್ಗೆ ನನಗೆ ಇವತ್ತಿಗೂ ಪ್ರೀತಿ ಇದೆ. ಎದ್ದು ಹೋಗಿ ಅಂಟಿಸೋದರಲ್ಲೇ ಮಾತು ಶುರುವಾಗುತ್ತದೆ. ಆದರೆ ಮನೆಯಿಂದ ಕೆಲಸ ಮಾಡುವ ಮೂವರಿಗೆ ಅದು ಕಾಣೋದಿಲ್ಲ, ಮತ್ತೆ ಅದರ ಗತಿ ಏನಾಗುತ್ತೆ ಅಂತ ಮೇಲೆ ಹೇಳಿದೆನಲ್ಲ.

ಈಸಿರೆಟ್ರೋ (ಮೊದಲು ಫನ್‌ರೆಟ್ರೋ ಅಂತ ಇತ್ತು) ಅನ್ನೋ ಆನ್‌ಲೈನ್ ಬೋರ್ಡ್ ಕಲಿಯೋಕೆ ಐದು ನಿಮಿಷ ಸಾಕು. ಚೆನ್ನಾಗಿ ಆದದ್ದು, ಸುಧಾರಿಸಬೇಕಾದ್ದು, ಮಾಡಬೇಕಾದ ಕೆಲಸ ಅಂತ ಮೂರು ಕಾಲಂ, ಕಾರ್ಡ್ ಬರಿ, ವೋಟ್ ಹಾಕು, ಮುಗೀತು. ಕೊನೆಗೆ ಎಕ್ಸ್‌ಪೋರ್ಟ್ ಕೂಡ ಮಾಡಿಕೊಳ್ಳಬಹುದು. ರೆಟ್ರೋ ಈಗಷ್ಟೇ ಶುರು ಮಾಡುವ ತಂಡಕ್ಕೆ ಇದನ್ನೇ ಹೇಳುತ್ತೇನೆ. ಆದರೆ ಪ್ರತಿ ರೆಟ್ರೋಗೂ ಒಂದೊಂದು ಬೋರ್ಡ್, ಹೊಸದು ತೆರೆದ ಮೇಲೆ ಹಳೆಯದನ್ನು ನಮ್ಮಲ್ಲಂತೂ ಯಾರೂ ತಿರುಗಿ ನೋಡಲಿಲ್ಲ.

ಪ್ಯಾರಾಬೋಲ್ ನನಗೆ ತುಂಬಾ ಹಿಡಿಸಿತು. ಓಪನ್ ಸೋರ್ಸ್, ಸಣ್ಣ ತಂಡಕ್ಕೆ ಉಚಿತ ಪ್ಲಾನ್ ಇದೆ. ಇದು ಸಭೆಯನ್ನೇ ಹಂತ ಹಂತವಾಗಿ ನಡೆಸಿಕೊಂಡು ಹೋಗುತ್ತದೆ, ಮೊದಲು ಎಲ್ಲರೂ ಬರೆಯೋದು, ಆಮೇಲೆ ಒಂದೇ ಥರದ್ದನ್ನು ಗುಂಪು ಮಾಡೋದು, ವೋಟು, ಚರ್ಚೆ, ಕೊನೆಗೆ ಯಾರು ಏನು ಮಾಡಬೇಕು ಅನ್ನೋದು. ಬರೆಯುವಾಗ ಹೆಸರು ಕಾಣೋದಿಲ್ಲ. ನಮ್ಮ ಕಡೆ ಇದು ಎಷ್ಟು ಮುಖ್ಯ ಅಂತ ಬಳಸಿದ ಮೇಲೇ ಗೊತ್ತಾಗಿದ್ದು. ಹಿರಿಯರ ಎದುರು, ಅದರಲ್ಲೂ ಕೆಲಸ ಕೊಟ್ಟವರ ಎದುರು, "ಸರ್, ನೀವು ಮಾಡಿದ್ದು ಸರಿ ಹೋಗಲಿಲ್ಲ" ಅಂತ ಹೇಳೋದು ನಮ್ಮ ಹುಡುಗರಿಗೆ ಸುಲಭ ಅಲ್ಲ, ಅದು ಹೆದರಿಕೆಗಿಂತ ಜಾಸ್ತಿ ಸಂಕೋಚ. ಮೊದಲ ಸಲವೇ ಒಂದು ಕಾರ್ಡ್ ಬಂತು: "ಶುಕ್ರವಾರ ಸಂಜೆ ರಿಲೀಸ್ ಬೇಡ. ಮರುದಿನ ಬಟವಾಡೆ." ಓದಿದ ತಕ್ಷಣ ಎಲ್ಲರೂ ಹೌದು ಹೌದು ಅಂದರು. ಅಷ್ಟು ದಿನ ಎಲ್ಲರ ಮನಸ್ಸಲ್ಲೂ ಇತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಯಾರು ಬರೆದರು ಅಂತ ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಒಂದು ಸಲ ಕೇಳಿದರೆ ಮುಂದಿನ ಸಲ ಯಾರೂ ಬರೆಯೋದಿಲ್ಲ. ಸಭೆ ಮುಗಿದ ಮೇಲೆ ಸಾರಾಂಶ ಇಮೇಲ್‌ಗೆ ಬರುತ್ತದೆ, ಮಾಡಬೇಕಾದ ಕೆಲಸಗಳನ್ನು ನಾವು ಕೆಲಸದ ಪಟ್ಟಿ ಇಡುವ ಜಿರಾಗೋ ಗಿಟ್‌ಹಬ್‌ಗೋ ಕಳಿಸಬಹುದು. ಕೆಲಸ ಅಲ್ಲಿಗೆ ಹೋಗಿ ಮುಗಿಯುತ್ತೆ. ಆದರೆ "ಇದು ಹೀಗೆ ಆಯ್ತು, ಇದಕ್ಕೇ ಆಯ್ತು" ಅನ್ನೋ ತಿಳಿವಳಿಕೆ ಇಮೇಲ್‌ನಲ್ಲೇ ಉಳಿದುಬಿಡುತ್ತೆ.

ಮಿರೋ ಆನ್‌ಲೈನ್‌ನಲ್ಲಿ ಒಂದು ದೊಡ್ಡ ಗೋಡೆ ಇದ್ದ ಹಾಗೆ. ದೋಣಿ ಚಿತ್ರ, ಗಾಳಿ, ಲಂಗರು ಅಂತ ಚಂದದ ಟೆಂಪ್ಲೇಟ್‌ಗಳು ಸಿಗುತ್ತವೆ. ಉಚಿತ ಪ್ಲಾನ್‌ನಲ್ಲಿ ತಿದ್ದಬಹುದಾದ ಬೋರ್ಡ್ ಮೂರೇ. ಮಳೆಗಾಲದಲ್ಲಿ ನಮ್ಮ ಮೂಡಿಗೆರೆ ಲೈನ್ ಇಂಥ ದೊಡ್ಡ ಕ್ಯಾನ್ವಾಸ್ ಎಳೆಯೋದಿಲ್ಲ, ಅದಕ್ಕೆ ನಮಗೆ ಒಗ್ಗಲಿಲ್ಲ. ಒಳ್ಳೆ ಇಂಟರ್ನೆಟ್ ಇರುವವರು ನೋಡಬಹುದು.

ತಂಡದ ಟಿಪ್ಪಣಿಗಳನ್ನೆಲ್ಲ ಒಂದೇ ಕಡೆ ಬರೆದಿಡುವ ಕಾನ್‌ಫ್ಲೂಯೆನ್ಸ್‌ನಲ್ಲಿ ರೆಟ್ರೋಗೇ ಒಂದು ಟೆಂಪ್ಲೇಟ್ ಇದೆ, ಹತ್ತು ಜನರವರೆಗೆ ಉಚಿತ, ಹಳೆಯದನ್ನೆಲ್ಲ ಹುಡುಕಬಹುದು. ಕೂಡಿಡೋಕೆ ಇದು ನಿಜವಾಗಿ ಒಳ್ಳೆಯದು. ನಾವು ಎಡವಿದ್ದು ಕನ್ನಡದಲ್ಲಿ. ನಾವು ರೆಟ್ರೋ ಬರೆಯೋದು ಕನ್ನಡದಲ್ಲೇ, ಅದನ್ನು ಬಿಡೋಕೆ ನನಗೆ ಇಷ್ಟ ಇಲ್ಲ, ಯಾಕಂದ್ರೆ ಇಂಗ್ಲಿಷ್‌ನಲ್ಲಿ ಬರೀರಿ ಅಂದ ದಿನ ಅರ್ಧ ಜನ ಎರಡು ಪದ ಬರೆದು ಸುಮ್ನೆ ಕೂರುತ್ತಾರೆ. ಆದರೆ ಒಬ್ಬರು ಚೆಕ್‌ರೋಲ್ ಅಂತ ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರು ಚೆಕ್ರೋಲ್ ಅಂತ ಒತ್ತಕ್ಷರ ಹಾಕುತ್ತಾರೆ, ಮತ್ತೊಬ್ಬರು ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ. ನಮಗೆ ಮೂರೂ ಒಂದೇ, ಕಂಪ್ಯೂಟರ್‌ಗೆ ಮೂರೂ ಬೇರೆ. ಒಂದನ್ನು ಹುಡುಕಿದರೆ ಉಳಿದ ಎರಡು ಸಿಗುತ್ತವೆ ಅಂತ ನಂಬಿಕೊಂಡು ಕೂರೋಕಾಗಲ್ಲ. ಕನ್ನಡದಲ್ಲಿ ಬರೆಯುವ ತಂಡಗಳು ಯಾವ ಟೂಲ್ ತಗೊಂಡರೂ ಮೊದಲ ದಿನವೇ ಹತ್ತು ಹದಿನೈದು ಲೇಬಲ್ ಗಟ್ಟಿ ಮಾಡಿಕೊಳ್ಳಿ, ಟೈಪ್ ಮಾಡೋದು ಬೇಡ, ಪಟ್ಟಿಯಿಂದ ಆರಿಸೋದು.

ಕೊನೆಗೆ ನಮಗೆ ದಾರಿ ತೋರಿಸಿದ್ದು ಒಂದು ತೋಟದ ಮಳೆ ಪುಸ್ತಕ. ಆ ಲೆಕ್ಕದ ಗಲಾಟೆ ಆದ ಮೇಲೆ ಕ್ಷಮೆ ಕೇಳೋಕೆ ಹೋಗಿದ್ದೆ. ರೈಟರ್ ಮೇಜಿನ ಮೇಲೆ ಉದ್ದನೆ ರಿಜಿಸ್ಟರ್, ರಟ್ಟಿನ ಮೂಲೆ ಸವೆದು ಬಟ್ಟೆ ಕಾಣುತ್ತಿದೆ. ದಿನಾಂಕ, ಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ), ಬಲಗಡೆ ಷರಾ. ಷರಾದಲ್ಲಿ "ಹೂಮಳೆ ಸಾಲದು, ಸ್ಪ್ರಿಂಕ್ಲರ್ ಹಾಕಿದೆ" ಅಂತ ಒಂದು ಸಾಲು. ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ. ಇದನ್ನು ಯಾವಾಗ ನೋಡ್ತೀರಿ ಅಂತ ಕೇಳಿದೆ. "ಜನವರಿ ಕೊನೆಗೆ ತೆಗೀತೀವಿ ಮೇಡಂ. ಹಿಂದಿನ ಮೂರ್ನಾಲ್ಕು ವರ್ಷದ ಹಾಳೆ ನೋಡೇ ಪಂಪ್ ರೆಡಿ ಮಾಡ್ಸೋದು" ಅಂದರು.

ನಮ್ಮ ಯಾವ ಬೋರ್ಡ್‌ನಲ್ಲೂ ಇಲ್ಲದ ಕಾಲಂ ಅದು, ಯಾವಾಗ ತೆಗೆದು ನೋಡಬೇಕು ಅನ್ನೋದು. ಮರು ಸೋಮವಾರ ಗೂಗಲ್ ಶೀಟ್ಸ್‌ನಲ್ಲಿ ಒಂದೇ ಒಂದು ಶೀಟ್ ಮಾಡಿದೆವು. ದಿನಾಂಕ, ಏನಾಯ್ತು, ಯಾಕಾಯ್ತು, ಮುಂದೆ ಏನು ಮಾಡಬೇಕು, ಯಾವಾಗ ನೆನಪಾಗಬೇಕು, ಷರಾ. ಐದನೇ ಕಾಲಂನಲ್ಲಿ ಡ್ರಾಪ್‌ಡೌನ್: ಕೊಯ್ಲಿಗೆ ಮುಂಚೆ, ಸಿಂಕ್ ಕೋಡ್ (ಫೋನಿನ ಎಂಟ್ರಿ ಸರ್ವರ್‌ಗೆ ಕಳಿಸುವ ಕೋಡ್) ಮುಟ್ಟಿದಾಗ, ಬಟವಾಡೆ ವಾರ, ಹೊಸಬರು ಸೇರಿದಾಗ, ಹೀಗೆ. ಈಗ ಮಾತಾಡೋಕೆ ಪ್ಯಾರಾಬೋಲ್, ಉಳಿಸೋಕೆ ಈ ಶೀಟ್. ಒಂದು ರೆಟ್ರೋದಿಂದ ಎರಡಕ್ಕಿಂತ ಜಾಸ್ತಿ ಸಾಲು ಸೇರಿಸೋದಿಲ್ಲ, ಜಾಸ್ತಿ ಆದರೆ ಯಾರೂ ಓದೋದಿಲ್ಲ. ಸ್ಪ್ರಿಂಟ್ ಪ್ಲಾನಿಂಗ್ ಶುರುವಾಗುವಾಗ ಒಬ್ಬರು ಫಿಲ್ಟರ್ ಹಾಕಿ ಆ ಎರಡು ವಾರಕ್ಕೆ ಸಂಬಂಧಪಟ್ಟ ಸಾಲುಗಳನ್ನು ಜೋರಾಗಿ ಓದುತ್ತಾರೆ, ಐದು ನಿಮಿಷ ಕೂಡ ಹಿಡಿಯೋದಿಲ್ಲ. ಕೊರತೆಯೂ ಇದೆ, ಶೀಟ್ ತಾನಾಗಿ ನೆನಪಿಸೋದಿಲ್ಲ. ಓದುವ ಆ ಐದು ನಿಮಿಷ ಬಿಟ್ಟರೆ ಇದೂ ಗ್ಯಾಲರಿಯ ಫೋಟೋ ಥರವೇ, ಅದಕ್ಕೆ ಪ್ಲಾನಿಂಗ್‌ನ ಕ್ಯಾಲೆಂಡರ್ ಇನ್ವೈಟ್‌ನಲ್ಲೇ ಲಿಂಕ್ ಹಾಕಿಟ್ಟಿದ್ದೇವೆ.

ಕಳೆದ ನವೆಂಬರ್‌ನಲ್ಲಿ "ಕೊಯ್ಲಿಗೆ ಮುಂಚೆ" ಫಿಲ್ಟರ್ ಹಾಕಿದಾಗ ಏಳು ಸಾಲು ಬಂದವು, ಮೊದಲನೆಯದ್ದೇ ಆ ಗುಲಾಬಿ ಚೀಟಿಯ ಮಾತು. ಓದಿದ್ದು ಅದೇ ಹುಡುಗ. ಮರುದಿನ ಬೆಳಿಗ್ಗೆ ಎರಡು ಫೋನ್ ತಗೊಂಡು ಬಸ್ಸು ಹತ್ತಿ ತೋಟಕ್ಕೆ ಹೋದ, ಸಿಗ್ನಲ್ ಸಿಗದ ಕಡೆ ನಿಂತು ನಲವತ್ತು ಎಂಟ್ರಿ ಹಾಕಿ, ಸಂಜೆ ಆಫೀಸಿಗೆ ಬಂದು ಒಂದೊಂದನ್ನೇ ಟಿಕ್ ಮಾಡಿದ. ನಲವತ್ತಕ್ಕೆ ನಲವತ್ತು ಸರಿ ಇತ್ತು. ಷರಾ ಕಾಲಂನಲ್ಲಿ ಅವನೇ ದಿನಾಂಕ ಹಾಕಿ ಬರೆದಿದ್ದಾನೆ.