ತಿರಾಸ್ಪೋಲ್ ಒಂದು ದಿನದ ಟೂರ್: ಜಾಗಕ್ಕೆ ಫುಲ್ ಮಾರ್ಕ್ಸ್, ಗೈಡ್‌ಗೆ ಅಲ್ಲ

ಮೊಲ್ಡೊವಾದ ರಾಜಧಾನಿ ಕಿಶಿನಾವ್‌ನಿಂದ, ಆ ದೇಶದಿಂದ ಬೇರೆಯಾಗಿ ನಿಂತಿರುವ ಟ್ರಾನ್ಸ್‌ನಿಸ್ಟ್ರಿಯಾಗೆ (ಅದರ ರಾಜಧಾನಿಯೇ ತಿರಾಸ್ಪೋಲ್) ಹೋಗಿ ಸಂಜೆಗೆ ವಾಪಸ್ ಬರುವ ಟೂರ್ ಇದು. ವ್ಯಾನ್ ಚೆನ್ನಾಗಿದೆ, ಟೈಮಿಗೆ ಬಂತು. ಐದಕ್ಕೆ ಮೂರು ಸ್ಟಾರ್.

ಮಜಾ ಇರುವುದು ಗಡಿಯಲ್ಲಿ. ಮೊಲ್ಡೊವಾದವರು ಪಾಸ್‌ಪೋರ್ಟ್‌ಗೆ ಎಕ್ಸಿಟ್ ಸೀಲ್ ಒತ್ತುವುದಿಲ್ಲ, ಯಾಕಂದ್ರೆ ಅವರ ಲೆಕ್ಕದಲ್ಲಿ ಆಚೆ ಇರುವುದೂ ಮೊಲ್ಡೊವಾನೇ. ಆಚೆಯವರೂ ಸೀಲ್ ಒತ್ತುವುದಿಲ್ಲ, ಎಷ್ಟು ಹೊತ್ತಿನೊಳಗೆ ಹೊರಡಬೇಕು ಅಂತ ಪ್ರಿಂಟ್ ಆದ ಚೀಟಿ ಕೊಡುತ್ತಾರೆ. 1990ರಲ್ಲಿ ತಾನೇ ದೇಶ ಅಂತ ಘೋಷಿಸಿಕೊಂಡು, 1992ರಲ್ಲಿ ಯುದ್ಧವನ್ನೂ ಮಾಡಿ, ಪೊಲೀಸು, ಬಾವುಟ, ದುಡ್ಡು ಎಲ್ಲ ಸ್ವಂತದ್ದೇ ಇಟ್ಟುಕೊಂಡಿರುವ ಜಾಗ. ಆದರೂ ವಿಶ್ವಸಂಸ್ಥೆಯ ಒಂದೇ ಒಂದು ಸದಸ್ಯ ದೇಶವೂ ಇದನ್ನು ದೇಶ ಅಂತ ಒಪ್ಪಿಲ್ಲ. ಇಲ್ಲಿ ಸೈನ್ಯ ಇಟ್ಟಿರುವ ರಷ್ಯಾ ಕೂಡ! ಒಪ್ಪಿರುವುದು ಜಾರ್ಜಿಯಾದಿಂದ ಹೀಗೇ ಬೇರೆಯಾಗಿ ನಿಂತಿರುವ ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾ. ಅವರನ್ನು ಒಪ್ಪಿದವರೇ ಬೆರಳೆಣಿಕೆಯಷ್ಟು.

ಇಲ್ಲಿನ ಪ್ಲಾಸ್ಟಿಕ್ ನಾಣ್ಯ ಕೈಗೆ ಸಿಕ್ಕರೆ ಒಂದು ಸಲ ಸರಿಯಾಗಿ ನೋಡಿ. ಒಂದು ರೂಬಲ್ ದುಂಡಗೆ, ಮೂರರದ್ದು ಚೌಕ, ಐದರದ್ದಕ್ಕೆ ಐದು ಮೂಲೆ, ಹತ್ತರದ್ದಕ್ಕೆ ಆರು. ಆಟದ ಸಾಮಾನಿನ ಹಾಗಿದೆ, ಆದರೆ ಅಂಗಡಿಯಲ್ಲಿ ನಡೆಯುತ್ತದೆ. ಗಡಿ ದಾಟಿದರೆ ಬೆಲೆ ಇಲ್ಲ. ಹೊರಗಿನ ಕಾರ್ಡ್ ನಂಬಿಕೊಂಡು ಹೋಗಬೇಡಿ, ಕ್ಯಾಶ್ ಬೇಕು.

ಇನ್ನು ಗೈಡ್. ಲೆನಿನ್ ಪ್ರತಿಮೆ, ಟ್ಯಾಂಕ್, ಬಾವುಟದ ಸುತ್ತಿಗೆ-ಕುಡುಗೋಲು, ಇಡೀ ದಿನ ಇದೇ. ಜೊತೆಗೆ 'ಇಲ್ಲದ ದೇಶಕ್ಕೆ ಸ್ವಾಗತ' ಅನ್ನೋ ಜೋಕು ಬೇರೆ, ಅಲ್ಲೇ ಬದುಕುವ ಜನರ ಎದುರಿಗೇ. ಸರ್ಬಿಯಾದಿಂದ ಬೇರೆಯಾದ ಕೊಸೊವೊವನ್ನು ಅಷ್ಟೊಂದು ದೇಶಗಳು ಒಪ್ಪಿವೆ, ಇದನ್ನು ಯಾಕಿಲ್ಲ ಅಂತ ಕೇಳಿದೆ. 'ರಾಜಕೀಯ ಬೇಡ' ಅಂದರು. ರಾಜಕೀಯ ಬೇಡ ಅಂದರೆ ಇಲ್ಲಿ ನೋಡೋಕೆ ಬಂದಿದ್ದಾದರೂ ಏನು?

ಹೇಳೋಕೆ ಬೇಕಾದಷ್ಟಿತ್ತು. ಇಲ್ಲಿನ ಕಂಪನಿಗಳು ಯುರೋಪಿಗೆ ಮಾಲು ಕಳಿಸಬೇಕಾದರೆ ಕಿಶಿನಾವ್‌ನಲ್ಲೇ ನೋಂದಣಿ ಮಾಡಿಸಬೇಕು. ಇಲ್ಲಿನ ಪಾಸ್‌ಪೋರ್ಟ್ ಹೊರಗೆ ನಡೆಯುವುದಿಲ್ಲ, ಹಾಗಾಗಿ ಜನ ಮೊಲ್ಡೊವಾದ್ದೋ ರಷ್ಯಾದ್ದೋ ಇನ್ನೊಂದು ಇಟ್ಟುಕೊಂಡಿರುತ್ತಾರೆ. 2021ರಲ್ಲಿ ಇಲ್ಲಿನ ಶೆರಿಫ್ ಫುಟ್‌ಬಾಲ್ ತಂಡ ರಿಯಲ್ ಮ್ಯಾಡ್ರಿಡ್‌ನ ಅಂಗಳದಲ್ಲೇ 2-1ರಿಂದ ಗೆದ್ದಿತು, ಅದೂ ಮೊಲ್ಡೊವಾದ ಕ್ಲಬ್ ಅಂತ! ಸ್ಟೇಡಿಯಂ ಮುಂದೆ ನಿಂತು ಗೈಡ್ ಬರೀ ಫೋಟೋ ತೆಗೆಸಿದರು.

ಹೋಗುವವರು ಮೊದಲೇ ಸ್ವಲ್ಪ ಓದಿಕೊಂಡು ಹೋಗಿ. ಚೀಟಿ ಕಳೆಯಬೇಡಿ, ಸೈನಿಕರ ಫೋಟೋ ತೆಗೆಯಬೇಡಿ. ಟೂರ್‌ನವರು ಇದನ್ನು ಓದುತ್ತಿದ್ದರೆ, ಲೆನಿನ್ ಹತ್ತಿರ ಅರ್ಧ ಗಂಟೆ ಕಮ್ಮಿ ಮಾಡಿ, ಆ ಹೊತ್ತಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡಿ.