ಹಲವು ಬೈಕುಗಳ ನಂತರ ಮತ್ತೆ ರೋಡ್‌ಸ್ಟರ್: ಇಂಟರ್‌ಸೆಪ್ಟರ್ 650 ದೀರ್ಘಕಾಲದ ಬಳಕೆಯ ವಿಮರ್ಶೆ

ದುಂಡನೆಯ ಹೆಡ್‌ಲೈಟ್, ಅದರ ಹಿಂದೆ ಎರಡು ಮುಳ್ಳಿನ ಮೀಟರ್, ಉದ್ದನೆಯ ಚಪ್ಪಟೆ ಸೀಟು, ಮುಚ್ಚುಮರೆಯಿಲ್ಲದ ಎಂಜಿನ್, ಹಿಂಬದಿಯ ಎರಡೂ ಪಕ್ಕಕ್ಕೆ ಶಾಕ್ ಅಬ್ಸಾರ್ಬರ್. ಬೈಕ್ ಎಂದೊಡನೆ ನನ್ನ ಮನಸ್ಸಿಗೆ ಬರುವ ರೂಪ ಇದು, ರೋಡ್‌ಸ್ಟರ್ ಎನ್ನುವುದು ಇದನ್ನೇ. ಸವಾರಿ ಕಲಿತದ್ದು ಇಂಥದ್ದೇ ಒಂದು ಬೈಕಿನ ಮೇಲೆ. ಆಮೇಲೆ ಸ್ಪೋರ್ಟ್ಸ್ ಬೈಕ್ ಬಂತು, ಕ್ರೂಸರ್ ಬಂತು, ಎತ್ತರದ ಅಡ್ವೆಂಚರ್ ಬೈಕೂ ಬಂತು. ಒಂದೊಂದನ್ನೂ ಆಸೆಪಟ್ಟೇ ಕೊಂಡಿದ್ದೆ, ಒಂದೊಂದರಿಂದಲೂ ಕಲಿತೆ. ಕೊನೆಗೆ ಮರಳಿದ್ದು ಮಾತ್ರ ರೋಡ್‌ಸ್ಟರ್‌ಗೆ. ಈಗ ಕೆಲವು ವರ್ಷಗಳಿಂದ ಜೊತೆಗಿರುವುದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಹೊಸತನದ ಹೊಳಪು ಕಳೆದು, ಟೈರ್ ಮತ್ತು ಚೈನ್ ಬದಲಾಗಿ, ಬೈಕಿನ ನಿಜವಾದ ಸ್ವಭಾವ ತಿಳಿದ ಮೇಲೆ ಬರೆಯುತ್ತಿರುವ ಮಾತುಗಳಿವು.

ನಾನು ಮರಳಲು ಹಳೆಯ ನೆನಪುಗಳಷ್ಟೇ ಕಾರಣವಲ್ಲ. ಮುಖ್ಯ ಕಾರಣ ದೇಹಕ್ಕೆ ಸಂಬಂಧಿಸಿದ್ದು. ಬೈಕಿನ ಮೇಲೆ ನಾವು ಹೇಗೆ ಕೂರುತ್ತೇವೆ ಎಂಬುದನ್ನು ಸೀಟು, ಹ್ಯಾಂಡಲ್ ಮತ್ತು ಫುಟ್‌ರೆಸ್ಟ್ ಇರುವ ಜಾಗಗಳು ತೀರ್ಮಾನಿಸುತ್ತವೆ. ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ಕೆಳಗೆ, ಫುಟ್‌ರೆಸ್ಟ್ ಮೇಲಕ್ಕೆ ಮತ್ತು ಹಿಂದಕ್ಕೆ. ವೇಗ ಹೆಚ್ಚಿದಾಗ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುವುದರಿಂದ ಆ ಭಂಗಿ ಸರಿಯಾಗಿಯೇ ಇರುತ್ತದೆ. ವೇಗ ಇಳಿದರೆ ಗಾಳಿಯ ಆಸರೆ ತಪ್ಪಿ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ನೇರ ರಸ್ತೆಯಲ್ಲಿ ಅದರಷ್ಟು ಹಿತ ಬೇರೊಂದಿಲ್ಲ. ಆದರೆ ಗುಂಡಿ ಎದುರಾದಾಗ ಫುಟ್‌ರೆಸ್ಟ್ ಮೇಲೆ ಕಾಲೂರಿ ಮೇಲೇಳಲು ಆಗುವುದಿಲ್ಲ, ಏಟು ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ತಾಗುತ್ತದೆ. ಅಡ್ವೆಂಚರ್ ಬೈಕಿನ ಮೇಲೆ ನನಗೆ ಇಂದಿಗೂ ಗೌರವವಿದೆ. 21 ಇಂಚಿನ ಮುಂದಿನ ಚಕ್ರ ಸಡಿಲ ಕಲ್ಲುಗಳ ಮೇಲೆ ಹತ್ತಿಳಿಯುವ ರೀತಿಯನ್ನು ಅನುಭವಿಸಿದವರೇ ಬಲ್ಲರು. ಇಳಿಜಾರಿನಲ್ಲಿ ನಿಲ್ಲಿಸಿ, ತುದಿಗಾಲಿನಲ್ಲಿ ಅದರ ಭಾರ ಹಿಡಿದುಕೊಳ್ಳುವುದು ಮಾತ್ರ ಬೇರೆಯೇ ಕಥೆ.

ಈ ಮೂರೂ ಬೈಕುಗಳು ತಮಗೆಂದೇ ಇರುವ ರಸ್ತೆಯಲ್ಲಿ ರೋಡ್‌ಸ್ಟರ್ ಅನ್ನು ಹಿಂದಿಕ್ಕುತ್ತವೆ. ಆದರೆ ನನ್ನ ಬಹುಪಾಲು ಸವಾರಿಗಳು ಅಂಥ ರಸ್ತೆಗಳಲ್ಲಿ ನಡೆಯುವುದಿಲ್ಲ. ಸ್ವಲ್ಪ ಹೆದ್ದಾರಿ, ಸ್ವಲ್ಪ ತಿರುವು, ಸ್ವಲ್ಪ ಕಿತ್ತುಹೋದ ಡಾಂಬರು, ನಡುವೆ ವಾಹನ ದಟ್ಟಣೆ, ಎಲ್ಲವೂ ಒಂದೇ ಪಯಣದಲ್ಲಿ ಬರುತ್ತವೆ. ಇಂಟರ್‌ಸೆಪ್ಟರ್‌ನ ಸೀಟು ನೆಲದಿಂದ 804 ಮಿ.ಮೀ. ಎತ್ತರದಲ್ಲಿದೆ, ನನ್ನ ಎರಡೂ ಪಾದಗಳು ಊರುತ್ತವೆ. ಹ್ಯಾಂಡಲ್ ಅಗಲವಾಗಿದ್ದು ಮೊಣಕೈ ಸಹಜವಾಗಿ ಮಡಿಚಿರುತ್ತದೆ. ಕಾಲು ಸೊಂಟದ ಕೆಳಗೇ ಇರುವುದರಿಂದ ಗುಂಡಿ ಕಂಡಾಗ ತುಸು ಮೇಲೆದ್ದರೆ ಸಾಕು, ಏಟನ್ನು ಮೊಣಕಾಲು ತಡೆದುಕೊಳ್ಳುತ್ತದೆ.

ಇಕ್ಕಟ್ಟಿನ ಜಾಗದಲ್ಲಿ ಹಿಂದಕ್ಕೆ ತಿರುಗಬೇಕಾದಾಗ ಈ ಭಂಗಿಯ ಅನುಕೂಲ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ಹ್ಯಾಂಡಲ್ ಪೂರ್ತಿ ತಿರುಗಿಸಿ, ತಿರುಗಿ ಸೇರಬೇಕಾದ ಕಡೆಗೆ ಕಣ್ಣು ನೆಟ್ಟರೆ ಬೈಕ್ ತಾನಾಗಿ ಸುತ್ತಿ ಬರುತ್ತದೆ. ಹೊರಬದಿಯ ಕೈ ಚಾಚಿ ಎಟುಕಿಸಿಕೊಳ್ಳಬೇಕಾಗಿಲ್ಲ, ಒಳಬದಿಯ ಹ್ಯಾಂಡಲ್ ಹೊಟ್ಟೆಗೆ ತಾಗುವುದಿಲ್ಲ. ಇಂಧನ ತುಂಬಿದಾಗ 200 ಕಿಲೋ ದಾಟುವ ಬೈಕ್ ಇದು. ಸ್ಟ್ಯಾಂಡ್ ತೆಗೆಯುವಾಗ ಆ ಭಾರ ಗೊತ್ತಾಗುತ್ತದೆ, ಚಲಿಸತೊಡಗಿದ ಮೇಲೆ ಮರೆತುಹೋಗುತ್ತದೆ.

ಎಂಜಿನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನನ್ನನ್ನು ಕಟ್ಟಿಹಾಕಿರುವುದೇ ಅದು. 648 ಸಿಸಿ, ಅಕ್ಕಪಕ್ಕದಲ್ಲಿ ನಿಂತ ಎರಡು ಸಿಲಿಂಡರ್, ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ವ್ಯವಸ್ಥೆ. ಇದೇ ಹೆಸರಿನ ಅವಳಿ ಸಿಲಿಂಡರ್ ಬೈಕುಗಳನ್ನು ಈ ಕಂಪನಿ 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸುತ್ತಿತ್ತು. ಹೊಸ 650 ಮೊದಲು ಪ್ರದರ್ಶನಗೊಂಡದ್ದು 2017ರಲ್ಲಿ, ಸವಾರರ ಕೈ ಸೇರಿದ್ದು 2018ರಲ್ಲಿ. 1960ರ ದಶಕದ ಬ್ರಿಟಿಷ್ ಅವಳಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಪಿಸ್ಟನ್ ಒಟ್ಟಿಗೇ ಮೇಲೇರಿ ಒಟ್ಟಿಗೇ ಕೆಳಗಿಳಿಯುತ್ತಿದ್ದವು. ಎರಡೂ ಏಕಕಾಲಕ್ಕೆ ತುದಿ ಮುಟ್ಟಿ, ನಿಂತು, ದಿಕ್ಕು ಬದಲಿಸುವಾಗ ಹುಟ್ಟುವ ನಡುಕ ಸವಾರನ ಕೈಕಾಲಿಗೆ ಬರುತ್ತಿತ್ತು. ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ದಂಡವೇ ಕ್ರ್ಯಾಂಕ್, ಇಂಟರ್‌ಸೆಪ್ಟರ್‌ನದು 270 ಡಿಗ್ರಿ ಕ್ರ್ಯಾಂಕ್. ಒಂದು ಪಿಸ್ಟನ್ ತುದಿಯಲ್ಲಿ ಕ್ಷಣಮಾತ್ರ ನಿಂತಿರುವಾಗ ಇನ್ನೊಂದು ನಡುದಾರಿಯಲ್ಲಿ ಭರದಿಂದ ಓಡುತ್ತಿರುತ್ತದೆ. ಒಂದರ ಓಟ ಇನ್ನೊಂದರ ನಿಲುಗಡೆಯನ್ನು ತೂಗಿಸುವುದರಿಂದ ಕ್ರ್ಯಾಂಕ್ ಹೆಚ್ಚು ಸಮನಾಗಿ ತಿರುಗುತ್ತದೆ. ಉಳಿದ ನಡುಕವನ್ನು ತಗ್ಗಿಸಲು ಬ್ಯಾಲೆನ್ಸರ್ ಇದೆ. ಯಮಹಾ 1995ರ ಟಿಆರ್‌ಎಕ್ಸ್ 850ರಲ್ಲಿ ತಂದ ಈ ಜೋಡಣೆ ಇಂದು ಅನೇಕ ಅವಳಿ ಎಂಜಿನ್‌ಗಳಿಗೆ ಒಗ್ಗಿಹೋಗಿದೆ.

ದಹನಗಳ ನಡುವಿನ ಅಂತರ ಒಮ್ಮೆ 270 ಡಿಗ್ರಿ, ಮರುಬಾರಿ 450 ಡಿಗ್ರಿ. ಎರಡು ಸಿಲಿಂಡರ್ ಇಂಗ್ಲಿಷಿನ V ಆಕಾರದಲ್ಲಿ ನಿಂತ 90 ಡಿಗ್ರಿ ವಿ-ಟ್ವಿನ್ ಎಂಜಿನ್‌ನ ಲಯವೂ ಇದೇ. ಹಾಗಾಗಿ ಸದ್ದು ಒಂದೇ ಸಮನೆ ಗುಂಯ್‌ಗುಡುವುದಿಲ್ಲ, ಬಿಟ್ಟು ಬಿಟ್ಟು ಮಿಡಿಯುತ್ತದೆ. ಮೂರನೇ ಗೇರಿನಲ್ಲಿ ನಿಧಾನವಾಗಿ ತಿರುವಿನೊಳಗೆ ಹೋಗಿ, ಹೊರಬರುವಾಗ ಥ್ರಾಟಲ್ ತೆರೆದರೆ ಹಿಂದಿನ ಟೈರ್ ನೆಲವನ್ನು ಕಚ್ಚಿ ನೂಕುವುದು ಸೀಟಿನ ಮೂಲಕ ತಿಳಿಯುತ್ತದೆ. ಶಕ್ತಿ ಸುಮಾರು 47 ಅಶ್ವಶಕ್ತಿ, ಟಾರ್ಕ್ (ತಿರುಗಿಸುವ ಬಲ) 52 ನ್ಯೂಟನ್ ಮೀಟರ್. ಇಂದಿನ ಲೆಕ್ಕದಲ್ಲಿ ಇದು ದೊಡ್ಡ ಅಂಕಿಯಲ್ಲ. ನನ್ನ ಸ್ಪೋರ್ಟ್ಸ್ ಬೈಕಿನಲ್ಲಿ ಇದಕ್ಕಿಂತ ಬಹಳ ಹೆಚ್ಚಿತ್ತು. ಆದರೆ ಅದರ ನಿಜವಾದ ಸೊಗಸು ಹೊರಬರುತ್ತಿದ್ದ ವೇಗ ಸಾರ್ವಜನಿಕ ರಸ್ತೆಗೆ ಸಲ್ಲುವಂಥದ್ದಾಗಿರಲಿಲ್ಲ. ಇಲ್ಲಿ ಕಾನೂನು ಒಪ್ಪುವ ವೇಗದಲ್ಲೇ ಎಂಜಿನ್‌ನ ಒಳ್ಳೆಯ ಗುಣವೆಲ್ಲ ಕೈಗೆ ಸಿಗುತ್ತದೆ. ನನ್ನ ಮಟ್ಟಿಗೆ ಈ ಬೈಕಿನ ಅತಿ ದೊಡ್ಡ ಶಕ್ತಿ ಇದು.

ಸರ್ವೀಸ್ ಕೆಲಸವನ್ನು ಸಾಧ್ಯವಾದಷ್ಟು ನಾನೇ ಮಾಡಿಕೊಳ್ಳುತ್ತೇನೆ. ಅದಕ್ಕೂ ಈ ಶೈಲಿ ಅನುಕೂಲ. ಸ್ಪೋರ್ಟ್ಸ್ ಬೈಕಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚುವಷ್ಟರಲ್ಲಿ ಇಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವೆ ಬಿಡುವ ಕಿರು ಅಂತರದ ಉದಾಹರಣೆಗೇ ಬನ್ನಿ. ಅನೇಕ ಆಧುನಿಕ ಎಂಜಿನ್‌ಗಳಲ್ಲಿ ಈ ಅಂತರ ಸರಿಪಡಿಸಲು ವಾಲ್ವ್‌ಗಳನ್ನು ತೆರೆಸುವ ದಂಡವಾದ ಕ್ಯಾಮ್‌ಶಾಫ್ಟ್ ತೆಗೆದು, ಸರಿಯಾದ ದಪ್ಪದ ಶಿಮ್ (ಪುಟ್ಟ ಲೋಹದ ಬಿಲ್ಲೆ) ಹುಡುಕಿ ಹಾಕಬೇಕು. ಇಂಟರ್‌ಸೆಪ್ಟರ್‌ನಲ್ಲಿ ಇರುವುದು ಸ್ಕ್ರೂ ಮತ್ತು ಲಾಕ್ ನಟ್. ಎಂಜಿನ್ ಪೂರ್ತಿ ತಣ್ಣಗಿರಬೇಕು. ಸಣ್ಣ ಅಂತರ ಅಳೆಯುವ ಫೀಲರ್ ಗೇಜಿನ ತೆಳುಪಟ್ಟಿಯನ್ನು ಅಂತರದೊಳಗೆ ತೂರಿಸಿ ಎಳೆದಾಗ ಅದು ತೀರಾ ಸಡಿಲವಾಗಿಯೂ ಬರಬಾರದು, ಸಿಕ್ಕಿಕೊಳ್ಳಲೂಬಾರದು. ಬೆಣ್ಣೆಯೊಳಗೆ ಚಾಕು ಎಳೆದಂತೆ ಒಂದಿಷ್ಟು ತಡೆ ಸಿಗಬೇಕು. ಲಾಕ್ ನಟ್ ಬಿಗಿಮಾಡುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು. ಸಿಲಿಂಡರಿಗೆ ನಾಲ್ಕರಂತೆ ಎಂಟು ವಾಲ್ವ್ ಇರುವುದರಿಂದ ತಾಳ್ಮೆ ಬೇಕು. ಬಿಗಿಯಾದ ವಾಲ್ವ್ ಸದ್ದು ಮಾಡುವುದಿಲ್ಲ, ಒಳಗೊಳಗೇ ಸುಟ್ಟುಕೊಳ್ಳುತ್ತದೆ. ಹಾಗಾಗಿ ಕಿವಿಯನ್ನು ನಂಬಿ ಈ ಕೆಲಸವನ್ನು ಮುಂದೂಡಬೇಡಿ.

ಈ ಶೈಲಿಯ ಮಿತಿಗಳೂ ಇವೆ. ಮೊದಲನೆಯದು ಗಾಳಿ. ಗಂಟೆಗೆ 100 ಕಿ.ಮೀ. ದಾಟಿದ ಮೇಲೆ ಎದೆಗೂ ಕುತ್ತಿಗೆಗೂ ಗಾಳಿಯ ಹೊಡೆತ ತಪ್ಪದು. ಎತ್ತರದ ವಿಂಡ್‌ಸ್ಕ್ರೀನ್ ಹಾಕಿ ನೋಡಿದೆ. ಎದೆಗೆ ಆರಾಮವಾಯಿತು, ಆದರೆ ಅದರ ಅಂಚಿನಿಂದ ಏಳುವ ಸುಳಿಗಾಳಿ ಹೆಲ್ಮೆಟ್ಟಿಗೆ ಬಡಿಯತೊಡಗಿತು. ತೆಗೆದು ಗಿಡ್ಡನೆಯದನ್ನು ಹಾಕಿದ್ದೇನೆ. ಎರಡನೆಯದು ಸಸ್ಪೆನ್ಷನ್. ಹಿಂಬದಿಯ ಚಲನೆ 88 ಮಿ.ಮೀ. ಮಾತ್ರ, ಅಡ್ವೆಂಚರ್ ಬೈಕುಗಳಲ್ಲಿ ಇದರ ಎರಡರಷ್ಟಕ್ಕೂ ಹೆಚ್ಚು ಸಿಗುತ್ತದೆ. ಹಿಂದೆ ಒಬ್ಬರು ಕೂರುವುದಿದ್ದರೆ ಪ್ರಿಲೋಡ್, ಅಂದರೆ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಬಿಗಿ ಏರಿಸಲು ಮರೆಯಬೇಡಿ. ಏರಿಸದಿದ್ದರೆ ಹಿಂಭಾಗ ಕುಸಿದು ಮುಂಭಾಗ ಹಗುರವಾಗಿ, ತಿರುವಿನಲ್ಲಿ ಬೈಕ್ ಅಗಲಕ್ಕೆ ಎಳೆಯುತ್ತದೆ. ಟ್ಯಾಂಕ್ 13.7 ಲೀಟರಿನದು, ದೂರದ ಪಯಣದಲ್ಲಿ ಬಂಕ್ ಎಲ್ಲಿದೆ ಎಂದು ಮುಂಚೆಯೇ ನೋಡಿಟ್ಟುಕೊಳ್ಳುವುದು ಮೇಲು. ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ರೈಡಿಂಗ್ ಮೋಡ್ ಇಲ್ಲ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದೆ. ಒದ್ದೆ ರಸ್ತೆಯಲ್ಲಿ ಬಲಗೈಯೇ ಎಚ್ಚರವಹಿಸಬೇಕು, ಈ ಎಂಜಿನ್ ಅದಕ್ಕೆ ಚೆನ್ನಾಗಿ ಸಹಕರಿಸುತ್ತದೆ.

ಯಾರಿಗೆ ಹೇಳಿ ಮಾಡಿಸಿದ ಬೈಕ್ ಇದು? ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಆಸೆ ಇರುವವರು, ಕಾಡುದಾರಿಯಲ್ಲೇ ಹೆಚ್ಚು ಓಡಾಡುವವರು, ದಿನವಿಡೀ ಹೆದ್ದಾರಿಯಲ್ಲಿ ವೇಗವಾಗಿ ಸಾಗಬೇಕಾದವರು ಬೇರೆಯದನ್ನು ನೋಡಲಿ. ಒಂದೇ ಬೈಕ್ ಇಟ್ಟುಕೊಂಡು ಎಲ್ಲ ಬಗೆಯ ದಿನಗಳಿಗೂ ಅದನ್ನೇ ಹೊರಡಿಸುವವರಿಗೆ ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಪರೀಕ್ಷಾ ಸವಾರಿಯಲ್ಲಿ ನೇರ ರಸ್ತೆಯಲ್ಲಿ ಓಡಿಸಿ ವಾಪಸಾಗಬೇಡಿ. ಕೆಟ್ಟ ರಸ್ತೆಯಲ್ಲಿ ಹೋಗಿ, ಇಕ್ಕಟ್ಟಿನಲ್ಲಿ ಪೂರ್ತಿ ತಿರುಗಿಸಿ, ಹಿಂದೆ ಕೂರುವವರನ್ನೂ ಜೊತೆಗೆ ಕರೆದೊಯ್ಯಿರಿ. ಚಕ್ರದ ವಿಷಯದಲ್ಲಿ ಒಂದು ಸಲಹೆ: ಕಡ್ಡಿಯ ಚಕ್ರಗಳಿಗೆ ಟ್ಯೂಬ್ ಬೇಕು, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ಅನಿವಾರ್ಯ. 2023ರಿಂದ ಬಂದಿರುವ ಅಲಾಯ್ ಚಕ್ರದ ಆವೃತ್ತಿಗಳಲ್ಲಿ ಟ್ಯೂಬ್‌ಲೆಸ್ ಟೈರ್ ಇದೆ. ನೋಟಕ್ಕೆ ನನ್ನ ಒಲವು ಕಡ್ಡಿಯ ಚಕ್ರದ ಕಡೆಗೇ. ಒಬ್ಬರೇ ದೂರ ಹೋಗುವವರು ನೀವಾದರೆ ಅಲಾಯ್ ಆರಿಸಿಕೊಳ್ಳಿ.